ಇಪ್ಪತ್ತೈದು ಡಿಗ್ರಿ

ಮೇ 4, ಭಾನುವಾರ

ನಾಲ್ಕಕ್ಕೆ ಗಡಿಯಾರದಂಗಡಿಯ ಮಹಡಿಯಲ್ಲಿ ನಮ್ಮ ಭಾನುವಾರದ ಕೂಟ. ಎಂದಿನಂತೆ ಜಗಳ. ಷೋರೂಮ್ ಹೊಸ ಫೋನ್ ಹಿಡಿದು ಬಂದಿದ್ದ. ಮೊಬೈಲ್ ಷೋರೂಮಿನಲ್ಲಿ ಸೇಲ್ಸ್ ಕೆಲಸ, ಅದಕ್ಕೇ ಆ ಹೆಸರು. ಮಾತಿಗೆ ನಿಂತರೆ ಕಲ್ಲುಗುಂಡಿಗೂ ಕವರ್ ಮಾರಿಯಾನು. ಫೋನಿನ ಹಿಂದೆ ಗಾಜು, ಮುಂದೆ ಗಾಜು. ಹುಡುಕಿದರೂ ಒಂದು ತಿರುಪಿಲ್ಲ. ಎಲ್ಲ ಅಂಟು.

"ಡಿಸೈನ್ ಅಂದ್ರೆ ಇದಪ್ಪಾ. ಕೈಲಿಟ್ರೆ ಬೆಣ್ಣೆ."

"ಬ್ಯಾಟರಿ ಹೋದ್ರೆ?" ಅಂದೆ.

"ಫೋನೇ ಬದಲಾಯಿಸೋದು."

"ಚಪ್ಪಲಿ ಬಾರು ಕಿತ್ರೆ ಕಾಲು ಬದಲಾಯಿಸ್ತೀಯಾ?"

ಮೇಷ್ಟ್ರು ಕೆಮ್ಮು ಬರುವ ತನಕ ನಕ್ಕರು. ಫಿಸಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ಅವರೇ ಕಟ್ಟಿದ ಕಂಪ್ಯೂಟರಿಗೆ ಇವತ್ತಿಗೂ ಮುಚ್ಚಳ ಹಾಕಿಲ್ಲ. ಒಳಗಿನದು ಕಾಣದ ಯಂತ್ರವನ್ನು ನಂಬಬಾರದಂತೆ.

ಷೋರೂಮಿಗೆ ಉರಿಯಿತು. ನನ್ನತ್ತ ತಿರುಗಿದ. "ಕಂಪ್ಯೂಟರ್ ಕಟ್ಟೋದೇನು ಮಹಾ? ಅದು ಮೇಜಿನ ಮೇಲೆ ಕೂತಿರುತ್ತೆ. ಫೋನು ಜನರ ಕೈಲಿರೋದು. ನೀನು ಕಟ್ಟಿರೋ ಫೋನು ಮಾಮೂಲಿ ಮನುಷ್ಯರ ಕೈಲಿ ಮೂವತ್ತು ದಿನ ಬಾಳಲಿ, ನನ್ನ ಮೀಸೆ ಬೋಳಿಸ್ಕೋತೀನಿ. ಮಧ್ಯೆ ನೀನು ಒಂದ್ಸಲಾನೂ ಬಿಚ್ಚಂಗಿಲ್ಲ!"

ಮಾಮೂಲಿ ಮನುಷ್ಯರು ಅಂದ ತಕ್ಷಣ ನೆನಪಾದದ್ದು ಅಕ್ಕ. ಮೊನ್ನೆಯಷ್ಟೇ ತನ್ನ ಫೋನನ್ನು ನೀರಿನ ಬಕೆಟ್ಟಿಗೆ ಬೀಳಿಸಿಕೊಂಡು ಕೂತಿದ್ದಾಳೆ.

ಮೇ 5, ಸೋಮವಾರ

ಕೊಟ್ಟಾಯಿತು. ನಾಲ್ಕು ತಿಂಗಳು ಕೂತು ಕಟ್ಟಿದ ಫೋನು. ದೊಡ್ಡ ಬಟನ್ನುಗಳು. ಬೆನ್ನಿಗೆ ನಾಲ್ಕು ತಿರುಪು. ಒಳಗೆ ಹಳೇ ಟ್ಯಾಬ್ಲೆಟ್ಟಿನಿಂದ ಬಿಚ್ಚಿದ ಎರಡು ಚಪ್ಪಟೆ ಬ್ಯಾಟರಿ. ಗಂಟೆಗೊಮ್ಮೆ ತನ್ನ ಬ್ಯಾಟರಿಯ ಶಾಖ ಎಷ್ಟೆಂದು ನನ್ನ ಕಂಪ್ಯೂಟರಿಗೂ ಫೋನಿಗೂ ತಾನೇ ಕಳಿಸುತ್ತದೆ. ಅದೂ ನಾನೇ ಬರೆದ ಪ್ರೋಗ್ರಾಮ್. ಹಗಲೆಲ್ಲ ಊರವರ ಪ್ರಿಂಟರ್ ರಿಪೇರಿ ಮಾಡುವವನಿಗೆ ಇಷ್ಟೆಲ್ಲ ಬರುತ್ತದೆಂದು ಯಾರು ನಂಬಿಯಾರು!

ಬೆಳಿಗ್ಗೆ ಇನ್ನೂ ಟೆಸ್ಟ್ ಮಾಡುತ್ತಿದ್ದೆ, ಅಕ್ಕ ಬಂದು ಬಾಗಿಲಲ್ಲೇ ನಿಂತಳು. ಹಾಸಿಗೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ, ಒಂಬತ್ತಕ್ಕೆ ಶಿಫ್ಟು. "ಬೇಗ ಮುಚ್ಚಿ ಕೊಡೋ ಪುಣ್ಯಾತ್ಮ, ಗೇಟ್ ಹಾಕ್ತಾರೆ." ಗಡಿಬಿಡಿಯಲ್ಲಿ ತಿರುಪು ಬಿಗಿದು ಕೊಟ್ಟೆ.

ನನ್ನ ಮೊದಲ ಸೋಲ್ಡರಿಂಗ್ ಐರನ್ ಕೊಡಿಸಿದವಳೂ ಅವಳೇ. ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿದವಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ತಮ್ಮ ಮಾಡಿದ್ದು ಅಂತ ಎಲ್ಲರಿಗೂ ತೋರಿಸ್ತೀನಿ" ಅಂದಳು. ಚಾರ್ಜರನ್ನು ಅವಳ ಚೀಲಕ್ಕೆ ಹಾಕಿದೆ.

ಮೇ 7

25. 25. 25. ಎರಡು ದಿನದಿಂದ ಗ್ರಾಫು ಅಡ್ಡಗೆರೆ. ಈ ಬಿಸಿಲಿನಲ್ಲಿ!

ಮೇ 11, ಭಾನುವಾರ

ಗ್ರಾಫನ್ನು ಪ್ರಿಂಟ್ ಹಾಕಿಸಿ ಒಯ್ದೆ. ಷೋರೂಮಿನ ಕೈಲಿದ್ದ ಗಾಜಿನ ರಾಣಿ ಆಗ 39 ಡಿಗ್ರಿ. ನಮ್ಮದು 25. ಅವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಎಷ್ಟು ಖುಷಿಯಾಯಿತೆಂದರೆ, ಬರುವಾಗ ದಾರಿಯಲ್ಲಿ ಒಬ್ಬನೇ ನಕ್ಕೆ.

ಮೇಷ್ಟ್ರು ಮಾತ್ರ ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಒಂದು ಡಿಗ್ರಿನೂ ಮೇಲೆ ಕೆಳಗೆ ಆಗಿಲ್ಲವಲ್ಲಯ್ಯ?"

"ಡಿಸೈನ್ ಹಾಗಿದೆ ಸಾರ್."

"ಹೂಂ... ಬದುಕಿರೋ ಯಾವುದೂ ಇಷ್ಟು ನೆಟ್ಟಗಿರಲ್ಲ."

ವಯಸ್ಸಾಯಿತು. ಏನಾದರೊಂದು ಹೇಳಬೇಕು, ಹೇಳುತ್ತಾರೆ.

ಮೇ 14

ಅಕ್ಕನ ಫೋನ್. ಧ್ವನಿ ಸ್ಪಷ್ಟ. ಮೈಕ್ ಚೆನ್ನಾಗಿ ಕೂತಿದೆ.

"ಚಾರ್ಜಿಗಿಟ್ಟಾಗ ಬೆಚ್ಚಗಾಗುತ್ತೆ ಕಣೋ."

ಕೂಡಲೇ ಗ್ರಾಫ್ ತೆರೆದೆ. 25. "ನಿನ್ನ ಕೈಯೇ ಬಿಸಿ ಇರ್ಬೇಕಕ್ಕ. ಮೆಷಿನ್ ಕೆಲಸ ಅಲ್ವಾ?"

"ಇರ್ಬೇಕು ಬಿಡು. ಕಂಪ್ಯೂಟರ್ ಹೇಳಿದ ಮೇಲೆ ನನ್ನ ಕೈದೇನು ಲೆಕ್ಕ." ಮುನಿಸಿಲ್ಲದೆ ಅಂದಳು. "ಬೀಳಿಸಬಾರದು ಅಂತ ಫ್ಯಾಕ್ಟರೀಲಿ ಫೋಮ್ ರಾಶಿ ಮೇಲೆ ಮೆತ್ತಗೆ ಇಟ್ಟು ಚಾರ್ಜ್ ಮಾಡ್ತೀನಿ. ನೀನು ಪಂದ್ಯ ಗೆಲ್ಲಬೇಕಲ್ಲ!"

ಮೇ 20

ಇವತ್ತು ಅಕ್ಕನ ಫೋನ್, ಹೊಸ ವರದಿ. ಫೋನನ್ನು ಮೇಜಿನ ಮೇಲಿಟ್ಟು ತಟ್ಟಿದರೆ ಬುಗುರಿಯಂತೆ ಗಿರ್ರನೆ ತಿರುಗುತ್ತದಂತೆ. ಜೊತೆಯ ಹೆಂಗಸರಿಗೆಲ್ಲ ಅದೇ ಆಟವಂತೆ.

ಬೆನ್ನು ಉಬ್ಬಿದೆ ಎಂದಾಯಿತು. ಎದ್ದು ಕಂಪ್ಯೂಟರಿನ ಮುಂದೆ ಓಡಿದೆ. ಮತ್ತೆ ಗ್ರಾಫ್ ನೋಡಿದೆ — 25. ಬಿಸಿಯೇ ಆಗದ ಬ್ಯಾಟರಿ ಉಬ್ಬುವುದೆಲ್ಲಿಂದ ಬಂತು? ಕೇಸಿನ ಪ್ಲಾಸ್ಟಿಕ್ ಸೊಟ್ಟಗಾಗಿರಬೇಕು, ತೆಳ್ಳಗೆ ಮಾಡಿದ್ದೆ. "ನಾಲ್ಕೂ ತಿರುಪು ಇನ್ನೊಂದು ಸುತ್ತು ಬಿಗಿ ಮಾಡಿಬಿಡು" ಅಂದೆ. ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರ್ ಇದೆಯಂತೆ, ಅವಳೇ ಬಿಗಿದಳು. "ಕೂತ್ಕೋತು ನೋಡು" ಅಂದಳು.

ನಾನು ಬಿಚ್ಚುವಂತಿಲ್ಲ, ಬಿಚ್ಚಿದರೆ ಸೋತಂತೆ. ಬಿಗಿಯಲು ಯಾರೂ ಬೇಡ ಅಂದಿಲ್ಲ.

ಮೇ 29

ಎಂಟು ದಿನ ಬರೆಯಲಿಲ್ಲ. ಬರೆಯಲು ಏನಿದೆ, ದಿನವೂ 25.

ಸಂಜೆ ನನ್ನ ಹೆಂಡತಿ ಅಕ್ಕನ ಮನೆಗೆ ಹೋಗಿ ಬಂದಳು. ಚೀಲ ಇಳಿಸುವ ಮೊದಲೇ ಶುರು. "ಆ ಫೋನಿಂದ ನೇಲ್ ಪಾಲಿಶ್ ಥರ ವಾಸನೆ ಬರುತ್ತೆ ರೀ. ಒಂಥರಾ ಸಿಹಿ."

"ಫ್ಯಾಕ್ಟರಿ ಗಮ್ಮಿನ ವಾಸನೆ. ಅಲ್ಲಿ ಎಲ್ಲದಕ್ಕೂ ಹತ್ತಿರುತ್ತೆ."

"ಹೋಗಿ ಒಂದ್ಸಲ ನೋಡಬಾರದೇ?"

"ಇನ್ನೈದು ದಿನ ಇದೆಯಷ್ಟೆ."

ಚೀಲ ಎತ್ತಿಕೊಂಡು ಒಳಗೆ ಹೋದಳು. ನಾನು ಊಟಕ್ಕೆ ಕೂತೆ, ಸೇರಲಿಲ್ಲ. ಎದ್ದು ಹೋಗಿ ಗ್ರಾಫ್ ನೋಡಿದೆ. ಮತ್ತೆ ಬಂದು ಕೂತೆ. ಮತ್ತೆ ಎದ್ದೆ.

ಜೂನ್ 1, ಭಾನುವಾರ

ಷೋರೂಮ್ ಮೀಸೆಯನ್ನು ಸವರಿಕೊಳ್ಳುತ್ತಾ ಕೂತಿದ್ದ, ಬೀಳ್ಕೊಡುಗೆ ಕೊಡುವವನಂತೆ. ಸೋಲುವ ಸಿಟ್ಟಿದ್ದರೂ ಒಳ್ಳೆಯವನು. "ಗೆದ್ದೆ ಕಣಯ್ಯ. ಒಪ್ಕೊಂಡೆ" ಅಂದ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತು. ಕೇಳಿದಾಗ ಯಾಕೋ ಹಿಗ್ಗಲಿಲ್ಲ.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಭುಜ ಹಿಡಿದು ನಿಲ್ಲಿಸಿದರು. "ಆ ಇಪ್ಪತ್ತೈದನ್ನ ಹೇಳ್ತಿರೋದು ಯಾರು?"

"ಸೆನ್ಸರ್ ಸಾರ್. ಬ್ಯಾಟರಿಗೆ ಅಂಟಿಸಿರೋದು."

"ಅಂಟಿಸಿದ್ದು ನಿನಗೆ ನೆನಪಿದೆಯಾ?"

"ಇಲ್ದೆ ಏನು!" ಅಂದೆ. ಮನೆಗೆ ಬರುವ ತನಕ ನೆನಪು ಮಾಡಿಕೊಳ್ಳುತ್ತಲೇ ಬಂದೆ. ಅಂಟಿಸಿದೆ. ಅಂಟಿಸಿಯೇ ಇರುತ್ತೇನೆ.

ಜೂನ್ 3, ಮಂಗಳವಾರ. ಬೆಳಿಗ್ಗೆ 10:40

ಮೂವತ್ತನೇ ದಿನ. ಗಿರಾಕಿಯೊಬ್ಬರ ಪ್ರಿಂಟರಿಗೆ ಸಣ್ಣ ತಿರುಪು ಬೇಕಿತ್ತು. ಬಿಡಿಭಾಗಗಳ ಡಬ್ಬಿ ತೆಗೆದೆ. 'ಅಕ್ಕ' ಎಂದು ಚೀಟಿ ಹಚ್ಚಿದ ಖಾನೆಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿ. ಎರಡು ತಂತಿ ಕಾಲು. ಅಂಟಿಸುವ ಪೇಸ್ಟು ಕೂಡ ಹತ್ತಿಲ್ಲ, ಹೊಚ್ಚ ಹೊಸದು.

ಸೆನ್ಸರ್.

ಟೆಸ್ಟಿಗೆಂದು ಅದರ ಜಾಗದಲ್ಲಿ ಸುಮ್ಮನೆ ಒಂದು ರೆಸಿಸ್ಟರ್ ಹಾಕಿದ್ದೆ. ಯಾವಾಗ ಕೇಳಿದರೂ 25 ಎನ್ನುವಂಥದ್ದು. ಚಾರ್ಜಿಂಗ್ ತಕರಾರಿಲ್ಲದೆ ನಡೆಯಲಿ ಎಂದು ಎಲ್ಲರೂ ಮಾಡುವುದೇ. ಟೆಸ್ಟ್ ಮುಗಿದ ಮೇಲೆ ತೆಗೆದು ಮಣಿ ಅಂಟಿಸಬೇಕು. ಅವಳು ಬಾಗಿಲಲ್ಲಿ ನಿಂತಿದ್ದಳು. ನಾನು ಮುಚ್ಚಿಬಿಟ್ಟೆ.

ಬಿಸಿಯಾದರೆ ಚಾರ್ಜಿಂಗ್ ನಿಲ್ಲಿಸಬೇಕಾದದ್ದೂ ಅದೇ ಸೆನ್ಸರ್. ಅಂದರೆ ಮೂವತ್ತು ದಿನದಿಂದ ಯಾರೂ ನಿಲ್ಲಿಸಿಲ್ಲ. ಅವಳ ಕೈ ನಿಜ ಹೇಳಿತು. ಮೇಜು ಹೇಳಿತು. ವಾಸನೆ ಹೇಳಿತು. ಉಬ್ಬಿದ್ದನ್ನು ನಾನು ತಿರುಪು ಬಿಗಿಸಿ ಒಳಗೆ ಅದುಮಿಸಿದೆ. ನಾನೇ ಬರೆದಿಟ್ಟ ಸುಳ್ಳನ್ನು ನಾನೇ ಓದಿ ಖುಷಿಪಟ್ಟೆ. ಥೂ ನನ್ನ ಜನ್ಮಕ್ಕೆ.

10:55

ಫ್ಯಾಕ್ಟರಿ ಆಫೀಸಿನ ನಂಬರು ಬಿಜಿ. ನಾಲ್ಕು ಸಲವೂ ಬಿಜಿ. ಇವಳಿಗೆ ಹೇಳಿದ್ದೇನೆ, ಬಿಡದೆ ಮಾಡುತ್ತಿದ್ದಾಳೆ. ಮೆಸೇಜು ಹಾಕಿದೆ. ಅಕ್ಕ ಮೆಸೇಜು ನೋಡುವುದೇ ಭಾನುವಾರ.

ಬೇರೆ ದಾರಿ ಕಾಣದೆ ಅವಳಿಗೇ ಫೋನ್ ಮಾಡಿದೆ. ಎತ್ತಿದಳು. ಹಿಂದೆ ಮೆಷಿನ್ನುಗಳ ಗದ್ದಲ.

"ಅಕ್ಕ, ಅದನ್ನ ಕೆಳಗಿಟ್ಟು ದೂರ ಹೋಗು!"

"ಏನೋ? ಏನಿಡಲಿ?"

"ಫೋನು! ಫೋನು ಬಿಸಾಕು!"

"ಕೇಳ್ಸಲ್ಲ ಕಣೋ. ಚಾರ್ಜಲ್ಲಿದೆ, ವೈರು ಗಿಡ್ಡ. ತಡಿ, ಕಿವಿಗೆ ಒತ್ತಿ ಹಿಡ್ಕೋತೀನಿ—"

ನಾನೇ ಕಟ್ ಮಾಡಿದೆ. ಎಷ್ಟು ಕೂಗಿದರೆ ಅಷ್ಟು ಹತ್ತಿರ ಹಿಡಿಯುತ್ತಾಳೆ. ಇನ್ನು ಅವಳಿಗೆ ಮಾಡಬಾರದು. ಹೋಗಬೇಕು.

11:20, ಬಸ್ಸು

ಆಟೋ ಸಿಗಲಿಲ್ಲ. ಇನ್ನು ಆರು ಸ್ಟಾಪು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಪಕ್ಕದವರು ಯಾಕೆ ಬೆವರುತ್ತಿದ್ದೀರಿ ಅಂದರು. ಗಂಟೆಯ ವರದಿ ಈಗಷ್ಟೇ ಬಂತು — 25.

ಇವಳ ಮೆಸೇಜು. ಆಫೀಸಿನವರು ಸಿಕ್ಕಿದರಂತೆ, ಒಳಗೆ ಆಳು ಕಳಿಸಿದ್ದಾರಂತೆ. ದೇವರೇ, ಅವನ ಕಾಲು ಬೇಗ ಬೇಗ ಸಾಗಲಿ. ಐದು ಸ್ಟಾಪು.

ನನ್ನ ಫೋನ್ ಹೊಡೆದುಕೊಳ್ಳುತ್ತಿದೆ. ಅಕ್ಕ. ಅರ್ಧಕ್ಕೆ ಕಟ್ಟಾದರೆ ತಿರುಗಿ ಮಾಡದೆ ಬಿಡುವವಳಲ್ಲ. ಕಟ್ ಮಾಡಿದೆ. ಮತ್ತೆ ಹೊಡೆದುಕೊಳ್ಳುತ್ತಿದೆ. ಅಂದರೆ ಇನ್ನೂ ಅವಳ ಕೈಯಲ್ಲೇ ಇದೆ. ಕಿವಿಗೆ ಒತ್ತಿ ಹಿಡಿದು, ತಮ್ಮ ಯಾವಾಗ ಎತ್ತುತ್ತಾನೆಂದು ಕಾಯುತ್ತಾ ನಿಂತಿದ್ದಾಳೆ. ಮತ್ತೆ ಕಟ್ ಮಾಡಿದೆ. ಮತ್ತೆ ಮಾಡುತ್ತಿದ್ದಾಳೆ. ಬೇಡ ಅಕ್ಕ. ಒಂದು ಸಲ, ಎರಡು ಸಲ, ಮೂರನೇದು ರಿಂಗಾಗುತ್ತಾ ಆಗುತ್ತಾ ತಾನಾಗಿಯೇ ಅರ್ಧಕ್ಕೆ ನಿಂತಿತು. ಕಟ್ ಮಾಡಿದ್ದು ನಾನಲ್ಲ.