ಕದ್ದ ಕಡ್ಡಿಯ ಮಲ್ಲಿಗೆ

ಗೆಳತಿ ಕೊಟ್ರಮ್ಮನಿಗೆ, ತಂಬ್ರಹಳ್ಳಿಯಿಂದ ಕೆಂಚಕ್ಕ ಮಾಡುವ ಶರಣು.

ಕಡ್ಡಿಯ ಕಥೆಯನ್ನು ಮೊದಲು ಹೇಳಿದವಳು ನಮ್ಮವ್ವ ಮೈಲಮ್ಮ. ನೀನೂ ನಾನೂ ಲಂಗ ಬಿಟ್ಟು ಸೀರೆ ಉಡಲು ಕಲಿಯುತ್ತಿದ್ದ ವರ್ಷ, ಯುಗಾದಿಯ ಮರುದಿನ ಹಿತ್ತಿಲಲ್ಲಿ ಹೂ ಕಟ್ಟುತ್ತಾ ಹೇಳಿದಳು. ಅಕ್ಕ ತಂಗಿ ಇದ್ದರಂತೆ. ಅಕ್ಕನ ಮನೆಯ ಮಲ್ಲಿಗೆ ಓಣಿಗೆಲ್ಲ ಘಮ್ಮೆನ್ನುತ್ತಿತ್ತಂತೆ. ತಂಗಿ ಒಂದು ಕಡ್ಡಿ ಕೇಳಿದಳು, ಅಕ್ಕ ಕೈಯಾರೆ ಮುರಿದು ಕೊಟ್ಟಳು, ನೆಟ್ಟರೆ ಒಣಗಿತು. ಮತ್ತೆ ಕೊಟ್ಟಳು, ಮತ್ತೆ ಒಣಗಿತು. ಕಡೆಗೆ ಅಕ್ಕ ನೀರಿಗೆ ಹೋದ ಹೊತ್ತು ನೋಡಿ ತಂಗಿ ಕದ್ದು ತಂದು ನೆಟ್ಟಳು. ಚಪ್ಪರ ತುಂಬ ಹಬ್ಬಿತು.

"ಯಾಕಬೇ ಹಂಗ?" ಎಂದು ನೀನೇ ಕೇಳಿದ್ದು. ಅವ್ವ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು: "ಕೊಟ್ಟ ಕಡ್ಡಿ ಹೆಣ್ಣು ಕೊಟ್ಟಂಗ. ತವರಿನ ಕಡೀಗೆ ನೋಡಿ ನೋಡಿ ಒಣಗತೈತಿ. ಕದ್ದದ್ದು ಹಂಗಲ್ಲ, ಹೆದರಿ ಸಿಕ್ಕ ಮಣ್ಣ ಗಟ್ಟಿ ಹಿಡ್ಕಂತೈತಿ. ಆದ್ರ ಯಾರ ಮನೀದು ಅಂತ ಊರಾಗ ಬಾಯಿ ಬಿಡಬಾರದು. ಬಿಟ್ರ ಬಳ್ಳಿ ಬಾಡತೈತಿ."

ನಿನ್ನ ಮದುವೆ ಗೊತ್ತಾದಾಗ ನೀನು ನಮ್ಮ ಹಿತ್ತಿಲಿಗೆ ಕಡ್ಡಿ ಕದಿಯಲು ಬಂದೆ. ನಾನು ಗೋಡೆ ಕಡೆ ಮುಖ ಮಾಡಿ ದೊಡ್ಡ ದನಿಯಲ್ಲಿ ಸೋಬಾನೆ ಹಾಡುತ್ತಾ ಕೂತೆ. ನಮ್ಮ ಕಡೆ ಹೂವಿನ ಕಡ್ಡಿ ಕೊಡುವ ರೀತಿಯೇ ಅದು. ನೀನು ಎತ್ತರದವಳು, ಚಪ್ಪರದ ಮೇಲಿನ ಬಲಿತ ಕುಡಿಗೇ ಕೈ ಹಾಕಿದೆ. ನಾನು ಕುಳ್ಳಿ. ನಮ್ಮದೇ ಬಳ್ಳಿಯ ತುದಿಯ ಹೂವನ್ನೂ ನನಗೆ ನೀನೇ ಕಿತ್ತು ಕೊಡಬೇಕಿತ್ತು. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು ಅಂದುಕೋ. ಅದು ಸಾಲದೆಂದು, ಹೆಸರಲ್ಲೇ ಹೂವಿರುವ ಹೂವಿನ ಹಡಗಲಿಗೆ ಸೊಸೆಯಾಗಿ ಹೋದೆ.

ಈ ಸಲ ನೀನು ಯುಗಾದಿ ಹಬ್ಬಕ್ಕೆ ಮಗಳ ಮನೆಗೆಂದು ಹರಪನಹಳ್ಳಿಗೆ ಹೋದೆ. ಪ್ರತಿ ವರ್ಷ ಇಬ್ಬರೂ ಹೋಗುತ್ತಿದ್ದ ಸಸ್ಯೋದ್ಯಾನಕ್ಕೆ ನಾನೊಬ್ಬಳೇ ಹೋದೆ. ಅದು ಬರೀ ನರ್ಸರಿಯಾಗಿದ್ದ ಕಾಲದಲ್ಲಿ ನಾವು ಕರಿ ಚೀಲಗಳಿಗೆ ಮಣ್ಣು ತುಂಬುವ ಕೂಲಿಗೆ ಹೋಗುತ್ತಿದ್ದೆವಲ್ಲ, ಆಗ ನೆಟ್ಟ ಹೊಂಗೆ ಈಗ ಎಣ್ಣೆ ಸವರಿದಂಥ ಚಿಗುರು ಹೊತ್ತು ನಿಂತಿದೆ. ಬೇವಿನ ಹೂ ದಾರಿಯುದ್ದಕ್ಕೂ ಉದುರಿತ್ತು, ಮುತ್ತುಗ ಕೆಂಪೇರಿತ್ತು. ಹೊಂಗೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆ. ಹೋಳಿಗೆಯನ್ನು ಮುರಿದು ಹಾಗೇ ಮತ್ತೆ ಕಟ್ಟಿಟ್ಟೆ. ನಿನ್ನ ಮೇಲೆ ಸಿಟ್ಟು ಬಂತು.

ಎದ್ದು ಮಲ್ಲಿಗೆ ಚಪ್ಪರದ ಕಡೆ ಹೋದೆ. ಹಡಗಲಿಯ ಹಳೇ ಮನೆ ಕೆಡವುವಾಗ ನೀನು ಆ ಕದ್ದ ಕಡ್ಡಿಯ ಬಳ್ಳಿಯನ್ನು ಬೇರು ಸಮೇತ ಉದ್ಯಾನಕ್ಕೆ ಕೊಟ್ಟದ್ದು ನನಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಈ ವರ್ಷ ಹಾಕಿದ ಬೋರ್ಡು. ಹಸಿರು ತಗಡಿನ ಮೇಲೆ ಬಿಳಿ ಅಕ್ಷರ: ‘ಕೊಟ್ರಮ್ಮನ ಮಲ್ಲಿಗೆ’. ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಹುರಿದಂತಾಯಿತು ಕಣೇ.

ನಿನಗೆ ಹೇಳದ ಮಾತೊಂದಿದೆ. ಅವ್ವ ತೀರಿಕೊಂಡ ಮರುವರ್ಷ ಬೋರ್‌ವೆಲ್ ಲಾರಿ ಹಿಂದಕ್ಕೆ ಬರುವಾಗ ನಮ್ಮ ಹಿತ್ತಿಲ ಬಳ್ಳಿ ಬುಡ ಸಮೇತ ನಜ್ಜುಗುಜ್ಜಾಯಿತು. ಹೇಳಿದ್ದರೆ ನೀನು ಮಾರನೆಯ ಬಸ್ಸಿಗೇ ಕಡ್ಡಿ ಹಿಡಿದು ಬರುತ್ತಿದ್ದೆ. ನಮ್ಮವ್ವನ ಬಳ್ಳಿಯನ್ನು ನನಗೆ ನೀನು ಕೊಡುವುದೇ? ಕೊಟ್ಟರೂ ಅದು ಒಣಗುತ್ತಿತ್ತು. ಈಗ ಅವ್ವ ನೀರು ಹಾಕಿ ಬೆಳೆಸಿದ್ದರಲ್ಲಿ ಉಳಿದಿರುವುದು ಅದೊಂದೇ, ಅದರ ಮೇಲೆ ನಿನ್ನ ಹೆಸರು.

ಚಿಗಟೇರಿಯಿಂದ ನೆಂಟರ ಮನೆಗೆ ಹಬ್ಬಕ್ಕೆ ಬಂದಿದ್ದ ಹೆಂಗಸರ ಗುಂಪೊಂದು ಅಲ್ಲೇ ಕೂತಿತ್ತು. ಅವರಲ್ಲೊಬ್ಬಳು ಬೋರ್ಡು ಓದಿ, "ಯಾರಬೇ ಈ ಕೊಟ್ರಮ್ಮ? ಕೈಗುಣ ಅಂದ್ರ ಹಿಂಗಿರಬೇಕು ನೋಡ್ರಿ" ಎಂದಳು. ‘ಅದು ನಮ್ಮವ್ವಂದು’ ಎನ್ನುವ ಮಾತು ಹಲ್ಲಿನವರೆಗೂ ಬಂತು. ಬಳ್ಳಿಯ ಕಡೆ ನೋಡಿದೆ. ಮೈತುಂಬ ಮೊಗ್ಗು. ಒಂದು ಮಾತಿಗೆ ಅದು ಬಾಡಿದರೆ? ನುಂಗಿಕೊಂಡೆ. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿರುವುದಲ್ಲ. ಯಾರ ಹೆಸರೂ ಎತ್ತದೆ ಅಕ್ಕ ತಂಗಿಯ ಕಥೆ ಹೇಳಿದೆ. ಕಾವಲುಗಾರ ಯರ್ರೆಪ್ಪನೂ ಕೋಲಿಗೆ ಗದ್ದ ಊರಿ ಕೇಳಿದ. ಮುಗಿದ ಮೇಲೆ ಗದರಿದ: "ಕಥಿ ಚಲೋ ಐತಿ. ಆದ್ರ ಇಲ್ಲಿ ಕಡ್ಡಿ ಮುರಿದ್ರ ದಂಡ ಐತಿ, ನೋಡ್ರಿ ಮತ್ತ."

"ನಾವೇನು ಕಳ್ಳರಂಗ ಕಾಣ್ತೀವೇನಣ್ಣ?" ಎಂದು ಅವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಮನಸ್ಸಿನಲ್ಲಿ ನಿರ್ಧಾರ ಮಾಡಿಬಿಟ್ಟಿದ್ದೆ.

ಹುಣ್ಣಿಮೆಯೊಳಗೆ ನೀನು ಬರಬೇಕು ಕೊಟ್ರಮ್ಮ. ನಾನಾಗಿ ಕರೆಯುವವಳಲ್ಲ. ಆದರೆ ಮರುದಿನ ಬೆಳಿಗ್ಗೆ ಆದದ್ದು ಕೇಳು.

ಕಡ್ಡಿ ಸುತ್ತಲು ಒದ್ದೆ ಬಟ್ಟೆಯ ಚೂರೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲ ಬಸ್ಸಿಗೇ ಹೋದೆ. ಗೇಟು ಆಗಲೇ ತೆರೆದಿತ್ತು. ಯರ್ರೆಪ್ಪ ಚಪ್ಪರಕ್ಕೆ ಬೆನ್ನು ಮಾಡಿ, ಬೇವಿನ ಮರಕ್ಕೆ ಮುಖ ಮಾಡಿ, ಶ್ರುತಿಯಿಲ್ಲದ ದನಿಯಲ್ಲಿ ಜೋರಾಗಿ ಹಾಡುತ್ತಿದ್ದ. ಚಿಗಟೇರಿಯ ಹೆಂಗಸರು ಸೆರಗಿನೊಳಗೆ ಮುಷ್ಟಿ ಬಚ್ಚಿಟ್ಟುಕೊಂಡು ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ಒಬ್ಬರು ಇನ್ನೊಬ್ಬರ ಮುಖ ನೋಡಲಿಲ್ಲ, ನನ್ನ ಮುಖವನ್ನಂತೂ ಯಾರೂ ನೋಡಲಿಲ್ಲ. ಅವ್ವನ ಬಳ್ಳಿ ಚಿಗಟೇರಿಯ ಓಣಿ ಓಣಿಗೂ ಹೊರಟಿತ್ತು, ಯಾರ ಹೆಸರೂ ಇಲ್ಲದೆ. ನಿನ್ನದೂ ಇಲ್ಲದೆ! ಆ ಒಂದು ಗಳಿಗೆ ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಚಪ್ಪರದ ಕೆಳಗೆ ಹೋಗಿ ನಿಂತೆ. ನನ್ನ ಕೈಗೆ ಎಟುಕುವಲ್ಲಿ ಒಂದು ಕುಡಿಯನ್ನೂ ಬಿಟ್ಟಿರಲಿಲ್ಲ. ತುದಿಗಾಲಲ್ಲಿ ನಿಂತೆ, ಹಾರಿದೆ ಕೂಡ, ಈ ವಯಸ್ಸಿನಲ್ಲಿ! ಉಳಿದದ್ದೆಲ್ಲ ನಿನ್ನ ಕೈ ಎತ್ತರಕ್ಕೆ ಗಾಳಿಯಲ್ಲಿ ತೂಗುತ್ತಿತ್ತು.

ಬಾ. ಕುಡಿಯನ್ನು ಬಗ್ಗಿಸಿ ಹಿಡಿದು, ಮುಖ ಆ ಕಡೆ ತಿರುಗಿಸಿ ಹಾಡು. ನಿನ್ನ ದನಿ ನನ್ನದಕ್ಕಿಂತ ಇಂಪು, ಅದಕ್ಕೂ ಹೊಟ್ಟೆ ಉರಿಯುತ್ತದೆ, ಇರಲಿ. ಈ ಕಾಗದವನ್ನು ಅಳಿಯನ ಮುಂದೆ ಗಟ್ಟಿಯಾಗಿ ಓದಬೇಡ, ಬಳ್ಳಿ ಬಾಡೀತು. ನಿನ್ನ ಮುಡಿ ಎಂದೂ ಬರಿದಾಗದಿರಲಿ.

ಗೋಡೆ ಕಡೆ ಮುಖ ಮಾಡಿ ಕೂತಿದ್ದ,
ನಿನ್ನ ಕುಳ್ಳಿ ಕೆಂಚಕ್ಕ