ಬ್ರಿಗೇಡಿಯರ್ ಬಗ್ಗೆ ನೀನು ಕೇಳಿದ ಮಾತು

ಲಾ ತ್ರಾಂಕೇರಾ, ಅಸುಲ್
ಭಾನುವಾರ, ೨೧ ಜುಲೈ ೧೯೫೭

ನನ್ನ ಕಾತಾಳಿಗೆ ಹೊನೋರಕ್ಕನ ಮುತ್ತುಗಳು.

ನಾಲ್ಕು ಪುಟ ಬರೆದು ಮುಗಿಸಿದ್ದೆ. ಚಳಿಗಾಲದ ಮಂಜು ಬಿದ್ದು ಹುಲ್ಲು ಕರಕಲಾದದ್ದು, ಮರ್ಗರೀತಾ ಅತ್ತೆಯ ಸೊಂಟ, ನನ್ನ ಹಣ್ಣಿನ ಪಾಕ ಈ ಸಲ ಗಟ್ಟಿಯಾಗದೆ ಹೋದದ್ದು, ಎಲ್ಲವೂ ಇತ್ತು. ಲಕೋಟೆಗೆ ಅಂಟು ಹಚ್ಚುವಾಗ ನೋಡಿದರೆ ನೀನು ಕೇಳಿದ್ದ ಒಂದೇ ಒಂದು ವಿಷಯ ಅದರಲ್ಲಿರಲಿಲ್ಲ. ಮರೆತು ಬಿಟ್ಟದ್ದಲ್ಲ, ಬಿಡಬೇಕೆಂದೇ ಬಿಟ್ಟದ್ದು. ಆ ನಾಲ್ಕು ಪುಟವನ್ನು ಒಲೆಗೆ ಹಾಕಿ ಮತ್ತೆ ಕೂತಿದ್ದೇನೆ.

ನೀನು ಕೇಳಿದ್ದು ಇಷ್ಟೇ. ಆಗಸ್ಟ್ ಮೂರರ ಹರಾಜಿನಲ್ಲಿ ನಿನ್ನ ಗಂಡ ರುಫೀನೊ ನಮ್ಮ ಹೋರಿ ಬ್ರಿಗೇಡಿಯರ್‌ಗೆ ಕೂಗಬಹುದೇ? ದಕ್ಷಿಣದ ಜಮೀನು ಮಾರಿ ಹಣ ಹೊಂದಿಸಿಟ್ಟಿದ್ದೀರಿ. "ಅಕ್ಕ, ನೀನು ಆ ಹೋರಿಯ ಜೊತೆ ಒಂದೇ ಅಂಗಳದಲ್ಲಿ ಇರೋಳು. ಚೊಕ್ಕವಾಗಿದೆ ಅಂತ ನಿನ್ನ ಬಾಯಿಂದ ಒಂದು ಮಾತು ಬರಲಿ, ಸಾಕು" ಎಂದು ನೀನು ಬರೆದಿದ್ದೆ. ನಮ್ಮ ಕಡೆ ಹೋರಿಯನ್ನು ಕೊಳ್ಳುವ ಮುಂಚೆ ಮಾರುವವರ ಮನೆಯ ಮಾತನ್ನು ಕೇಳುವುದು ಅಪ್ಪನ ಕಾಲದಿಂದ ಬಂದದ್ದು. ವೈದ್ಯರ ಚೀಟಿಯನ್ನು ಯಾರೂ ಕೇಳುವುದಿಲ್ಲ, ಕೇಳಿದರೆ ಅದು ಅವಮಾನ.

ಆ ಮಾತನ್ನು ನಾನು ಹೇಳಲಾರೆ. ಬ್ರಿಗೇಡಿಯರ್ ಚೊಕ್ಕವಾಗಿಲ್ಲ.

ನೀನು ಈಗಲೇ ನಗುತ್ತಿರುತ್ತೀಯ. ನೋಡಲು ಅವನಿಗಿಂತ ಚೆಂದದ ಹೋರಿ ಈ ಬಯಲಿನಲ್ಲಿ ಇಲ್ಲ ಎಂಬುದು ನನಗೂ ಗೊತ್ತು. ಕೆಂಪು ಮೈ, ಹಾಲಿನಲ್ಲಿ ಅದ್ದಿ ತೆಗೆದಂಥ ಮುಖ, ಮೇಜಿನಂತೆ ಸಮನಾದ ಬೆನ್ನು, ಹೊಟ್ಟೆ ನೆಲ ಮುಟ್ಟುವಷ್ಟು ಕುಳ್ಳ ಕಾಲು. ಹೋದ ವರ್ಷ ರಾಜಧಾನಿಯ ಪ್ರದರ್ಶನದಲ್ಲಿ ಗೆದ್ದು ನೀಲಿ ಪಟ್ಟಿ ಕಟ್ಟಿಸಿಕೊಂಡು ಬಂದ ದಿನ ನೆರೆಯ ಒಬ್ಬರು ಬೇಲಿಯ ಆಚೆಯಿಂದ ಕೇಳಿದರು, "ಏನಯ್ಯಾ ಆನ್ಸೆಲ್ಮೊ, ಇದಕ್ಕೆ ಕಾಲು ಎಲ್ಲಿದೆ?" ನನ್ನ ಗಂಡ ಅಂದ, "ಕಾಲಿಗೆ ಯಾವನು ದುಡ್ಡು ಕೊಡ್ತಾನೆ? ಮಾಂಸ ಇರೋದು ಮೇಲೆ. ನೀನು ಓಟದ ಕುದುರೆ ಹುಡುಕ್ತಿದ್ರೆ ಆ ಕಡೆ ಹೋಗು." ಅವತ್ತು ನಾನೂ ನಕ್ಕಿದ್ದೆ.

ಅವನಿಗೆ ಹುಟ್ಟಿದ ಮೊದಲ ಕೆಟ್ಟ ಕರುವನ್ನು ನಾನು ನೋಡಿದ್ದು ಮೂರು ವರ್ಷದ ಹಿಂದೆ, ವಸಂತದ ಒಂದು ಬೆಳಿಗ್ಗೆ. ನಮ್ಮ ಅತ್ಯುತ್ತಮ ಕಡಸು ಈದಿತ್ತು. ಕರುವಿನ ಹಣೆ ಉಬ್ಬಿ ಮುಂದಕ್ಕೆ ಬಂದಿತ್ತು, ಮೂತಿ ಒಳಗೆ ಗುದ್ದಿದಂತೆ ಚಪ್ಪಟೆ, ಹೊಟ್ಟೆ ತಂಬಿಗೆಯಂತೆ. ಒಂದೊಂದು ಉಸಿರಿಗೂ ಗೊರ್ ಗೊರ್ ಎನ್ನುತ್ತಿತ್ತು. ಕಾಲುಗಳು ಗೇಣುದ್ದ. ತಾಯಿ ಮಾತ್ರ ಏನೂ ಆಗಿಲ್ಲವೆಂಬಂತೆ ಅದನ್ನು ನೆಕ್ಕಿ ಒಣಗಿಸುತ್ತಿತ್ತು. ಅದು ಎದ್ದು ನಿಂತು ಕೆಚ್ಚಲು ಹುಡುಕಿತು. ಅದರ ಮೂತಿ ಅಲ್ಲಿಯವರೆಗೆ ಎಟುಕಲಿಲ್ಲ.

ಆನ್ಸೆಲ್ಮೊ ಬಂದು ಒಂದು ಸಲ ನೋಡಿದ. ನಮ್ಮ ದನ ನೋಡಿಕೊಳ್ಳುವ ಸೆನೋನ್‌ಗೆ "ಮುಗಿಸು" ಎಂದ. ಸೆನೋನ್ ಕೊಡಲಿಯ ಹಿಂಭಾಗದಿಂದ ಮುಗಿಸಿ ನೀಲಗಿರಿ ತೋಪಿನ ಹಿಂದೆ ಹೂತ. ಕಡಸನ್ನು ಮಧ್ಯಾಹ್ನವೇ ಕಸಾಯಿಖಾನೆಯ ಲಾರಿಗೆ ಹತ್ತಿಸಿದರು. ಕೆಚ್ಚಲು ತುಂಬಿ ಹಾಲು ತಾನಾಗಿ ಸೋರುತ್ತಿತ್ತು. ಲಾರಿ ಹೋದ ದಾರಿಯುದ್ದಕ್ಕೂ ಬಿಳಿಯ ಗೆರೆ ಬಿದ್ದಿತ್ತು, ನಾಯಿಗಳು ಅದನ್ನು ನೆಕ್ಕುತ್ತಾ ಹೋದವು.

"ಕಡಸು ಏನು ತಪ್ಪು ಮಾಡಿತ್ತು?" ಎಂದು ಸೆನೋನ್‌ನನ್ನು ಕೇಳಿದೆ.

"ಹೆಣ್ಣು ಕೆಟ್ಟಿದೆ ಅಂದ್ರೆ ಊರೆಲ್ಲ ನಂಬುತ್ತೆ ಅಮ್ಮಾವ್ರೆ. ಹೋರಿ ಕೆಟ್ಟಿದೆ ಅಂದ್ರೆ ನಮ್ಮೆಲ್ಲರ ಅನ್ನಾನೇ ಹೋಗುತ್ತೆ" ಎಂದ. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ಹೆಂಗೂ ಅದು ಹಸು ತಾನೇ" ಎಂದೂ ಸೇರಿಸಿದ.

ಆಮೇಲೆ ಇನ್ನಷ್ಟು ಹುಟ್ಟಿದವು. ಎಲ್ಲವೂ ತೋಪಿನ ಹಿಂದೆ ಹೋದವು, ಎಲ್ಲ ತಾಯಂದಿರೂ ಲಾರಿಗೆ ಹೋದರು. ಬ್ರಿಗೇಡಿಯರ್‌ಗೆ ಮಾತ್ರ ದಿನವೂ ಸೋಪಿನ ಸ್ನಾನ, ಬೇಯಿಸಿದ ಓಟ್ಸ್, ಹಾಲು. ಅವನ ಹಣೆಯ ಗುಂಗುರು ಕೂದಲನ್ನು ಬಾಚಲು ಆನ್ಸೆಲ್ಮೊ ಬಳಸುವುದು ನನ್ನ ಮದುವೆಯ ಬಾಚಣಿಗೆ. ನಾನು ಆಕ್ಷೇಪಿಸಿದಾಗ, "ನಿನ್ನ ತಲೆಗಿಂತ ಅದರ ತಲೆಗೆ ಬೆಲೆ ಜಾಸ್ತಿ ಕಣೇ" ಎಂದ. ತಮಾಷೆಯೇ. ಲೆಕ್ಕಕ್ಕೂ ಸರಿ.

ಹೋದ ಚಳಿಗಾಲದಲ್ಲಿ ಲಾ ಪ್ಲಾತಾದಲ್ಲಿ ಓದಿ ಬಂದ ಹೊಸ ಪಶುವೈದ್ಯ ಉರ್ರೂತಿ ಒಂದು ಕಷ್ಟದ ಹೆರಿಗೆಗೆ ಬಂದವನು ಅಂಥದೊಂದು ಕರುವನ್ನು ನೋಡಿಬಿಟ್ಟ. ಅಡುಗೆಮನೆಯಲ್ಲಿ ಮಾತೆ ಎಲೆಯ ಕಷಾಯ ಕುಡಿಯುತ್ತಾ ನನಗೆ ಬಿಡಿಸಿ ಹೇಳಿದ. ಈ ಗಿಡ್ಡತನ ರಕ್ತದಲ್ಲಿ ಅಡಗಿ ಬರುವಂಥದು. ಹೋರಿ ಒಂದರಲ್ಲೇ ಇದ್ದರೆ ಕರುಗಳಲ್ಲಿ ಕಾಣುವುದಿಲ್ಲ. ಅದನ್ನು ಹೊತ್ತ ಹಸು ಜೊತೆಯಾದರೆ ನಾಲ್ಕರಲ್ಲಿ ಒಂದು ಕರು ಹೀಗೆ. "ಇನ್ನೊಂದು ವಿಷಯ ಕೇಳಿ ಸೆನ್ಯೋರಾ" ಎಂದ. "ಇದನ್ನ ಅರ್ಧ ಹೊತ್ಕೊಂಡಿರೋ ಹೋರಿ ಮಾಮೂಲಿಗಿಂತ ಸ್ವಲ್ಪ ಕುಳ್ಳಗೆ, ಸ್ವಲ್ಪ ಅಗಲಕ್ಕೆ ಕಾಣುತ್ತೆ. ಜನಕ್ಕೆ ಅದೇ ಇಷ್ಟ. ನೀವೆಲ್ಲ ವರ್ಷಾನುಗಟ್ಟಲೆ ಹುಡುಕಿ ಹುಡುಕಿ ಪಟ್ಟಿ ಕಟ್ಟಿರೋದು ರೋಗಕ್ಕೆ. ಬೆಲೆ ಏರಿಸಿರೋದೂ ಅದಕ್ಕೇ."

ಬಾಗಿಲಲ್ಲಿ ಆನ್ಸೆಲ್ಮೊ ನಿಂತಿದ್ದ. ಕೂಗಾಡಲಿಲ್ಲ. "ಡಾಕ್ಟ್ರೇ, ಈ ಜಿಲ್ಲೆಯಲ್ಲಿ ಇನ್ನೊಂದು ಹಸುವಿನ ಹೊಟ್ಟೆಗೆ ಕೈ ಹಾಕೋ ಆಸೆ ಇದ್ದರೆ, ಆ ಮಾತೆ ಮುಗಿಸಿ ಬಾಯಿ ಮುಚ್ಕೊಂಡು ಹೊರಡಿ" ಎಂದ. ಹುಡುಗ ಹೊರಟ. ಒಂದು ತಿಂಗಳಲ್ಲಿ ಅವನನ್ನು ಕರೆಯುವವರೇ ಇಲ್ಲದೆ ಉತ್ತರದ ಯಾವುದೋ ಊರಿಗೆ ಹೋದನೆಂದು ಕೇಳಿದೆ.

ಅವನು ಹೇಳಿದ್ದರಲ್ಲಿ ನಿನಗೆ ಸಂಬಂಧಪಟ್ಟದ್ದು ಇದು. ಬ್ರಿಗೇಡಿಯರ್‌ನ ಅಜ್ಜನೆಂದರೆ ನಮ್ಮ ಅಪ್ಪ ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ ಅದೇ ಹೋರಿ. ನಿನ್ನ ಕೊಟ್ಟಿಗೆಯ ಹಸುಗಳೆಲ್ಲ ಅದರ ಮೊಮ್ಮಕ್ಕಳು, ಮರಿಮಕ್ಕಳು. ಇಷ್ಟು ವರ್ಷ ಹೊರಗಿನ ಹೋರಿ ಬಿಟ್ಟಿದ್ದರಿಂದ ನಿನಗೆ ಗೊತ್ತಾಗಿಲ್ಲ. ಅವುಗಳಲ್ಲಿ ಎಷ್ಟರ ಮೈಯಲ್ಲಿ ಅದು ಮಲಗಿದೆಯೋ ದೇವರಿಗೇ ಗೊತ್ತು. ಬ್ರಿಗೇಡಿಯರ್ ಬಂದರೆ ಎದ್ದು ಬರುತ್ತದೆ. ಎರಡು ವಸಂತದೊಳಗೆ ನಿನ್ನ ಹಿಂಡಿನ ಹೆಸರು ಹೋಗುತ್ತದೆ, ದಕ್ಷಿಣದ ಜಮೀನು ಹೇಗೂ ಹೋಗಿದೆ, ನಿನ್ನ ನಾಲ್ಕು ಗಂಡುಮಕ್ಕಳಿಗೆ ಉಳಿಯುವುದು ಬೇಲಿ ಮಾತ್ರ.

ಇದನ್ನು ಬರೆಯಲು ಇಷ್ಟು ಯಾಕೆ ತಡವರಿಸಿದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಆನ್ಸೆಲ್ಮೊನ ಭಯವೆಂದು ಹೇಳಿದರೆ ಅನುಕೂಲ. ಪೂರ್ತಿ ನಿಜವಲ್ಲ.

ಅಪ್ಪ ನಮ್ಮಿಬ್ಬರನ್ನು ಊಟದ ಮೇಜಿನ ಮುಂದೆ ನಿಲ್ಲಿಸಿ ಅತಿಥಿಗಳಿಗೆ ತೋರಿಸಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ದೊಡ್ಡವಳು ನೋಡೋಕೆ ಉದ್ದ, ನಡಿಗೆ ಚೆನ್ನ, ಇಂಗ್ಲಿಷು ಸನ್ಯಾಸಿನಿಯರ ಹತ್ರ ಕಲಿತಿದ್ದಾಳೆ. ಆದ್ರೆ ಸೊಂಟ ಕಿರಿದು. ಚಿಕ್ಕವಳು ಅಗಲ. ನೆಲ ಅವಳಿಗೆ, ಅವಳಲ್ಲಿ ತಳಿ ನಿಲ್ಲುತ್ತೆ." ಅವನ ಅಂದಾಜು ತಪ್ಪಲಿಲ್ಲ. ನೆಲ ನಿನಗೆ ಬಂತು, ನಾಲ್ಕು ಗಂಡು ಹೆತ್ತೆ. ನಾನು ಹದಿನೆಂಟು ವರ್ಷ ಒಬ್ಬರಾದ ಮೇಲೊಬ್ಬರು ವೈದ್ಯರ ಮುಂದೆ ಮಲಗಿದೆ. ಅವರಲ್ಲಿ ಒಬ್ಬರೂ ಆನ್ಸೆಲ್ಮೊನನ್ನು ಒಳಗೆ ಕರೆದು ನೋಡಲಿಲ್ಲ. ಉರ್ರೂತಿ ಹೋರಿಯ ಬಗ್ಗೆ ಹೇಳಿದ ಸಂಜೆಯವರೆಗೂ ಇದು ನನಗೆ ಹೊಳೆದೇ ಇರಲಿಲ್ಲ ಎಂಬುದು ನನ್ನ ವಿದ್ಯೆಯ ಮಟ್ಟ.

ಹೋದ ಕ್ರಿಸ್‌ಮಸ್ಸಿಗೆ ನಿನ್ನ ಮನೆಯ ಅಂಗಳದಲ್ಲಿ, ಮಾಂಸ ಸುಡುವ ಬೆಂಕಿಯ ಸುತ್ತ ಎಲ್ಲರೂ ಇದ್ದಾಗ, ನೀನು ರುಫೀನೊ ಕಡೆಯ ದೂರದ ನೆಂಟರಿಗೆ ನನ್ನನ್ನು ಪರಿಚಯಿಸಿದೆ. "ಇವಳು ನಮ್ಮಕ್ಕ. ಪ್ರದರ್ಶನಕ್ಕೆ ನಿಲ್ಲಿಸಿದ್ರೆ ಪಟ್ಟಿ ಗ್ಯಾರಂಟಿ. ಕರು ಮಾತ್ರ ಕೇಳಬೇಡಿ." ಎಲ್ಲರೂ ನಕ್ಕರು. ರುಫೀನೊನ ಕೈಯಿಂದ ದ್ರಾಕ್ಷಾರಸ ಚೆಲ್ಲಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಗಂಡ. ಆಮೇಲೆ ಅಡುಗೆಮನೆಯಲ್ಲಿ ನೀನು ನನ್ನ ಭುಜ ತಟ್ಟಿ, "ಬೇಜಾರಾ ಅಕ್ಕ? ನಿನಗೆ ಯಾವಾಗಲೂ ಮುಖ ಸಣ್ಣ ಮಾಡ್ಕೊಳ್ಳೋದೇ ಆಯ್ತು" ಎಂದೆ. ನಾನು ಇಲ್ಲ ಎಂದೆ. ತಟ್ಟೆ ಒರೆಸಿದೆ.

ಇದನ್ನು ಹಗೆಯಿಂದ ಬರೆಯುತ್ತಿದ್ದೇನೆಯೇ? ಕೈ ನಿಲ್ಲಿಸಿ ಯೋಚಿಸಿದೆ. ಹಗೆ ಎಂದರೆ ಬಿಸಿಯಾಗಿರಬೇಕು ಅನ್ನಿಸುತ್ತದೆ. ನನಗೆ ಏನೂ ಬಿಸಿಯಿಲ್ಲ. ನೀನು ಕೇಳಿದೆ, ನಿಜವನ್ನು ಬರೆದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬ್ರಿಗೇಡಿಯರ್‌ನನ್ನು ಕೊಳ್ಳಬೇಡ.

ಮಕ್ಕಳಿಗೆ ನನ್ನ ಪ್ರೀತಿ ಹೇಳು.

ನಿನ್ನ ಅಕ್ಕ,
ಹೊನೋರಾ

ಮರೆತ ಮಾತು: ಇವತ್ತು ಬುಧವಾರ. ಈ ಕಾಗದ ಇನ್ನೂ ನನ್ನ ಮೇಜಿನ ಮೇಲೆ ಇರುವಾಗಲೇ ನಿನ್ನ ಎರಡನೆಯ ಕಾಗದ ಬಂತು. "ದೂರವಾಣಿಯಲ್ಲಿ ಬೇಡ, ಆ ಕಚೇರಿಯ ಹೆಂಗಸು ಎಲ್ಲಾ ಕೇಳಿಸ್ಕೊಳ್ತಾಳೆ. ನೀನು ಬರೆಯದಿದ್ದರೆ ಒಪ್ಪಿಗೆ ಅಂತಲೇ ತಿಳ್ಕೊಳ್ತೀವಿ. ದೋಷ ಇದ್ದರೆ ನಮ್ಮಕ್ಕ ಸುಮ್ಮನಿರೋಳಲ್ಲ ಅಂತ ರುಫೀನೊಗೆ ಹೇಳಿದ್ದೀನಿ" ಎಂದು ಬರೆದಿದ್ದೀಯ. ಹಾಗಾದರೆ ನಾನು ಸುಳ್ಳಾಡುವ ಅಗತ್ಯವೇ ಬೀಳುವುದಿಲ್ಲ. ಸನ್ಯಾಸಿನಿಯರು ನಮಗೆ ಸುಳ್ಳು ಹೇಳಬಾರದೆಂದು ಕಲಿಸಿದರು, ನಿಜವನ್ನು ಯಾವ ದಿನ ಹೇಳಬೇಕೆಂದು ಕಲಿಸಲಿಲ್ಲ. ಇದು ನಿನ್ನ ಕೈಗೆ ಬರುವಾಗ ಬ್ರಿಗೇಡಿಯರ್‌ನ ಹಗ್ಗ ಕೈಯಿಂದ ಕೈಗೆ ದಾಟಿರುತ್ತದೆ, ಹರಾಜಿನಲ್ಲಿ ದಾಟಿದ ಮೇಲೆ ತಕರಾರಿಲ್ಲ. ಇದನ್ನು ಯಾರಿಗೂ ತೋರಿಸಲು ನಿನಗಾಗುವುದಿಲ್ಲ, ತೋರಿಸಿದರೆ ನಿನ್ನ ಹಸುಗಳನ್ನೂ ಯಾರೂ ಕೊಳ್ಳುವುದಿಲ್ಲ. ಕರುಗಳನ್ನು ಬೆಳಕು ಹರಿಯುವ ಮುಂಚೆ ಹೂಳಿಸು, ತಾಯಂದಿರನ್ನು ಬೈದು ಲಾರಿಗೆ ಹತ್ತಿಸು. ರೂಢಿಯಾಗುತ್ತದೆ. ಮೇಲಿನ ತಾರೀಕನ್ನು ತಿದ್ದಿಲ್ಲ, ಬರೆದದ್ದು ಅವತ್ತೇ. ಅಂಚೆಗೆ ಹಾಕುವುದು ಆಗಸ್ಟ್ ಐದು, ಸೋಮವಾರ.