ಮಂತ್ರಿಯ ತೋಳಿನ ದಾರ

ಗುಂಗೇ ಪೇಟೆ, ವಾಗಡೂಗು
ನವೆಂಬರ್ 26, ಬುಧವಾರ

ನನ್ನ ಮುದ್ದಿನ ತಮ್ಮ ಕೂಕಾನಿಗೆ,

ಹೇಗಿದ್ದೀಯಪ್ಪಾ? ನಿನ್ನ ಬೆನ್ನುನೋವು ಹೇಗಿದೆ? ಅಲ್ಲಿ ದಾಲೋವಾದ ಕೋಕೋ ತೋಟದಲ್ಲಿ ಮಳೆ ನಿಂತಿತೇ? ಇಲ್ಲಿ ಮರಳುಗಾಳಿ ಆಗಲೇ ಶುರುವಾಗಿ ಮಗ್ಗದ ನೂಲಿನ ಮೇಲೆಲ್ಲ ಧೂಳು. ಅಮ್ಮ ಆರಾಮಾಗಿದ್ದಾಳೆ. ಕಣ್ಣು ಪೂರ್ತಿ ಹೋಗಿದೆ, ನಾಲಿಗೆ ಮಾತ್ರ ಮೊದಲಿನ ಹಾಗೇ ಇದೆ. ನಿನ್ನೆ ನಾನು ಮಾಡಿದ ಬೆಂಡೆಕಾಯಿ ಸಾರು ತಿಂದು, "ಇದಕ್ಕಿಂತ ಮಗ್ಗ ತೊಳೆದ ನೀರು ರುಚಿಯಾಗಿರುತ್ತೆ ಕಣೇ" ಅಂದಳು. ಮುದ್ದೆಯನ್ನು ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಈಗ ನಿನಗೆ ಹೇಳಲೇಬೇಕಾದ ಸುದ್ದಿ. ಹಳೆಯ ಅಧ್ಯಕ್ಷರು ಓಡಿಹೋದದ್ದು, ಹಂಗಾಮಿ ಅಧ್ಯಕ್ಷರು ಬಂದದ್ದು, ಚುನಾವಣೆ ಆಗುವವರೆಗೆ ಒಂದೇ ವರ್ಷದ ಮಂತ್ರಿಮಂಡಲ ಕಟ್ಟಿದ್ದು, ಎಲ್ಲ ನಿನ್ನ ರೇಡಿಯೋದಲ್ಲೂ ಬಂದಿರಬೇಕು. ರೇಡಿಯೋ ಹೇಳದ್ದು ಒಂದಿದೆ. ಮೊದಲ ಬುಧವಾರದ ಸಭೆಗೆ ಮಂತ್ರಿಗಳೆಲ್ಲ ಹೊರದೇಶದ ಕೋಟು ಬಿಟ್ಟು ನಮ್ಮ ನೆಲದ ಹತ್ತಿಯಲ್ಲಿ ನೇಯ್ದ ಬಟ್ಟೆಯನ್ನೇ ಹಾಕಬೇಕೆಂದು ಮಾತಾಯಿತು. ನಮ್ಮ ನೇಕಾರ ಹೆಂಗಸರ ಸಂಘಕ್ಕೆ ಏಳು ಜನರ ಬಟ್ಟೆ ನೇಯುವ ಕೆಲಸ ಬಂತು. ಅದರಲ್ಲಿ ಒಂದು ನನ್ನ ಮಗ್ಗಕ್ಕೆ. ಚೀಟಿಯಲ್ಲಿ ಬರೆದ ಹೆಸರನ್ನು ಕೂಡಿಸಿ ಕೂಡಿಸಿ ಓದಿದೆ. ಲಾಮುಸಾ ಪಾರೆ, ಶಾಲಾ ಮಂತ್ರಿ. ಕೂಕಾ, ನನ್ನ ಕೈಯಿಂದ ಲಾಳಿ ಬಿತ್ತು.

ಹೌದು ಕಣೋ, ಅವನೇ. ನಮ್ಮ ಹಿಂದಿನ ಬೀದಿಯಲ್ಲಿದ್ದ ಸಾಮೋ ಮೇಷ್ಟ್ರು. ಅಪ್ಪನ ಮಣ್ಣಿನ ದಿನ ಅಪ್ಪನ ಟೋಪಿ ಹಾಕಿಕೊಂಡು, ಅಪ್ಪನ ಹಾಗೇ ಕೆಮ್ಮುತ್ತಾ ಬಾಗಿಲಿಗೆ ಅಡ್ಡ ಮಲಗಿ, "ನಾನು ಸತ್ತಿಲ್ಲ, ನನ್ನ ಹೂಳೋಕೆ ಯಾಕೆ ಹೊರಟ್ರಿ, ಮೊದಲು ಕುಡಿಯೋಕೆ ಕೊಡಿ" ಎಂದವನು. ನಾವು ಮೋಸಿ ಕುಲದವರು, ಅವರು ಸಾಮೋ ಕುಲದವರು. ಅವರು ನಮ್ಮನ್ನು ಆಳುಗಳೆನ್ನುವುದು, ನಾವು ಅವರನ್ನು ಹಾಗೇ ಎನ್ನುವುದು, ಸಾವಿನ ಮನೆಗೂ ಬಂದು ನಗಿಸುವುದು, ಆ ತಮಾಷೆಯ ನಂಟು ನಮ್ಮ ಮುತ್ತಜ್ಜಂದಿರಿಗಿಂತ ಹಳೆಯದು. ಸಾಮೋ ಏನೇ ಅಂದರೂ ಮೋಸಿ ಸಿಟ್ಟಾಗುವಂತಿಲ್ಲ. ನೀನು ಅದೇ ತಾನೆ ಬಸ್ಸಿಳಿದು ಬಂದಿದ್ದೆ, ಅಪ್ಪನ ಮುಖವೂ ಸಿಕ್ಕಿರಲಿಲ್ಲ. ಸಂಕಟದಲ್ಲಿ ತಳ್ಳಿಬಿಟ್ಟೆ. ಅವನ ಮುಂದಿನ ಹಲ್ಲು ಹೊಸಿಲಿಗೆ ಬಡಿದು ಅರ್ಧ ಮುರಿಯಿತು. ಆವತ್ತು ಯಾರೂ ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ನೀನು ಉಳಿಯುತ್ತಿದ್ದೆಯೇನೋ. ಅಂಗಳಕ್ಕೆ ಅಂಗಳವೇ ಸುಮ್ಮನಾದದ್ದನ್ನು ತಡೆಯಲಾರದೆ ಹೊರಟವನು ಒಂಬತ್ತು ವರ್ಷವಾದರೂ ಮುಖ ತೋರಿಸಿಲ್ಲ. ಹಿರಿಮಗನಿಲ್ಲದೆ ಅಪ್ಪನ ಕೊನೆಯ ಕರ್ಮವೂ ಆಗಿಲ್ಲ. ಅಪ್ಪ ಇನ್ನೂ ಹಿರಿಯರ ಸಾಲಿಗೆ ಸೇರದೆ ದಾರಿಯಲ್ಲೇ ನಿಂತಿದ್ದಾನೆ ಅನ್ನುತ್ತಾಳೆ ಅಮ್ಮ. ಬಾ ಎಂದು ನಾನು ಕೇಳುತ್ತಿಲ್ಲ. ಕೇಳಿದಾಗಲೆಲ್ಲ ನಿನ್ನ ಪತ್ರ ಆರು ತಿಂಗಳು ನಿಂತುಹೋಗುತ್ತದೆ.

ಅವನ ಅಂಗಿಗೆ ಹದಿನೈದು ಪಟ್ಟಿ ನೇಯ್ದೆ, ನೀಲಿಯ ನಡುವೆ ಬಿಳಿ. ಹೊಲಿಗೆಯೂ ನನ್ನದೇ. ಅವನ ಮುಖ ನೋಡುವ ಭಯಕ್ಕೆ ಅಳತೆ ತೆಗೆಯಲು ನಾನು ಹೋಗಲಿಲ್ಲ, ಸಂಘದ ಹುಡುಗಿಯನ್ನು ಕಳಿಸಿದೆ. ಇವತ್ತು ಬೆಳಗ್ಗೆ ನೇಯ್ದವರನ್ನೆಲ್ಲ ಅಧ್ಯಕ್ಷರ ಅರಮನೆಗೆ ಕರೆದಿದ್ದರು. ಏನು ಹೇಳಲಿ ಕೂಕಾ! ಆ ಅಗಲದ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರೇ ಬಂದು ನಿಂತರು. ಮೇಷ್ಟ್ರು, ಡಾಕ್ಟರು, ಸಿಪಾಯಿ, ವಕೀಲರಾಗಿದ್ದ ಒಬ್ಬ ಹೆಂಗಸು. ಹೋದ ತಿಂಗಳು ಅವರೂ ನಮ್ಮ ಹಾಗೆ ಬೀದಿಯಲ್ಲಿ ಪೊಲೀಸರು ಸಿಡಿಸಿದ ಹೊಗೆ ಕುಡಿದು ಕೆಮ್ಮಿದವರೇ. ಈಗ ಇಡೀ ದೇಶ ಅವರ ಹೆಗಲ ಮೇಲೆ, ಅವರ ಹೆಗಲ ಮೇಲೆ ನಮ್ಮ ಹತ್ತಿ. ಬಿಸಿಲು ಬಿದ್ದಾಗ ಅಷ್ಟೂ ಪಟ್ಟಿಗಳು ಒಂದೇ ಬಟ್ಟೆಯ ಹಾಗೆ ಕಂಡವು. ಎಷ್ಟೋ ಹೊತ್ತು ಬಾಯಿ ತೆರೆದುಕೊಂಡೇ ಇದ್ದೆ ಎಂದು ಜೊತೆಯವರು ಇನ್ನೂ ಆಡಿಕೊಳ್ಳುತ್ತಿದ್ದಾರೆ.

ಆಗ ಕಂಡಿತು ನೋಡು, ಪಾರೆಯ ತೋಳಿನಲ್ಲಿ ಗೇಣುದ್ದದ ಬಿಳಿ ದಾರ ಜೋತಾಡುತ್ತಿದೆ. ನನ್ನ ಹೊಲಿಗೆ! ಫೋಟೋದವನು ಕೈ ಎತ್ತಿದ್ದ. ನನಗೇನಾಯಿತೋ, ಓಡಿ ಮೆಟ್ಟಿಲು ಹತ್ತಿಬಿಟ್ಟೆ. ಬಂದೂಕಿನವನು ಅಡ್ಡ ಬಂದ. ಮೇಲಿಂದ ದನಿ ಬಂತು: "ಬಿಡಪ್ಪಾ ಅವಳನ್ನ. ನನ್ನ ಆಳು ಅವಳು. ನಮ್ಮಜ್ಜ ಎರಡು ಕೋಳಿ ಕೊಟ್ಟು ಕೊಂಡಿದ್ದು." ಕೂಕಾ, ಅಷ್ಟು ಜನರ ಮುಂದೆ ನನ್ನ ನಾಲಿಗೆ ತಾನಾಗೇ ಹೊರಳಿತು. "ನಾಯಿತಲೆ ತಿನ್ನೋ ಸಾಮೋನೂ ಮಂತ್ರಿಯಾದ್ನಾ? ಊರ ನಾಯಿಗಳೆಲ್ಲ ಗಡಿ ದಾಟ್ತಾವೆ ಇನ್ನು!" ಅಂದೆ. ಮೆಟ್ಟಿಲಿಗೆ ಮೆಟ್ಟಿಲೇ ನಕ್ಕಿತು. ಹಂಗಾಮಿ ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ದಾರವನ್ನು ಹಲ್ಲಿನಲ್ಲೇ ಕಡಿದೆ. ತಲೆ ಎತ್ತಿದರೆ ಅವನೂ ನಗುತ್ತಿದ್ದಾನೆ. ಆ ಮುರಿದ ಹಲ್ಲು ಹಾಗೇ ಇದೆ, ಕಟ್ಟಿಸಿಕೊಂಡಿಲ್ಲ.

ನಿನ್ನ ಹೆಂಡತಿ ಮಕ್ಕಳ ನೆತ್ತಿಯ ಮೇಲೆ ಅಮ್ಮನ ಕೈ ಇರಲಿ. ನಿನ್ನ ಬೆನ್ನಿಗೆ ಬಲ ಬರಲಿ.

ನಿನ್ನ ಅಕ್ಕ,
ತಲಾತೊ

ಮರೆತೆ: ಬಸ್ಸಿನವನು ಹೊರಗೆ ಕೂಗುತ್ತಿದ್ದಾನೆ, ಪತ್ರ ಅವನ ಕೈಯಲ್ಲೇ ಕೊಡಬೇಕು. ದಾರ ಕಡಿಯುವಾಗ ಪಾರೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ, "ಎಲ್ಲಿ ಆ ಓಡಿಹೋದ ಆಳು?" ದಾರ ಇನ್ನೂ ನನ್ನ ಹಲ್ಲಿನಲ್ಲೇ ಇತ್ತು. "ನನ್ನ ಅಧಿಕಾರ ಒಂದೇ ವರ್ಷ. ಅಷ್ಟರಲ್ಲಿ ನಿಮ್ಮಪ್ಪನ ಕರ್ಮ ಮಾಡಿಸು. ನಾನು ಅದೇ ಟೋಪಿ ಹಾಕ್ಕೊಂಡು ಅದೇ ಬಾಗಿಲಿಗೆ ಬಂದು ಮಲಗ್ತೀನಿ. ತಳ್ಳೋದಕ್ಕೆ ಅವನೇ ಬೇಕು, ಬೇರೆ ಯಾರಿಂದಲೂ ಆಗಲ್ಲ. ಇನ್ನರ್ಧ ಹಲ್ಲು ಉಳಿಸ್ಕೊಂಡಿದೀನಿ ಅಂತ ಬರಿ" ಅಂದ. ಸಾಮೋ ಕರೆದರೆ ಮೋಸಿ ಇಲ್ಲ ಅನ್ನುವಂತಿಲ್ಲ, ಗೊತ್ತಲ್ಲ. ಟೋಪಿಯನ್ನು ಒಗೆದು ಬಿಸಿಲಿಗೆ ಹಾಕಿದ್ದೇನೆ.